ಜೂನ್ 25ರ ಐದು ಸಾಲು

ಮಲೆನಾಡಿನ ಒಂದು ಸರ್ಕಾರಿ ಪ್ರೌಢಶಾಲೆಯ ಲೈಬ್ರರಿಗೆ ಪುಸ್ತಕ ಕೊಡಲು ಹೋಗಿದ್ದೆ. ಅಂದು ಜೂನ್ 25. ರಾತ್ರಿಯೆಲ್ಲ ಮಳೆ ಸುರಿದು ಅಂಗಳ ಕೆಸರಾಗಿದ್ದರಿಂದ ಪ್ರಾರ್ಥನೆ ಜಗಲಿಯ ಮೇಲೆಯೇ ನಡೆಯಿತು. ನಾಡಗೀತೆ ಆಯಿತು, ಪಂಚಾಂಗ ಆಯಿತು, ಸುಭಾಷಿತ ಆಯಿತು. ಆಮೇಲೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ದಿನವಿಶೇಷ ಓದಲು ಮುಂದೆ ಬಂದಳು. ಕೈಯಲ್ಲಿ ನೋಟ್‌ಬುಕ್ಕಿನ ನಡುವಿನಿಂದ ಕಿತ್ತ ಹಾಳೆ. ಪಿನ್ನಿನ ತೂತು ಕಾಣುತ್ತಿತ್ತು, ಮೂಲೆಯಲ್ಲಿ ಹನಿ ಬಿದ್ದು ನೀಲಿ ಶಾಯಿ ಹರಡಿತ್ತು. 1903, ಲೇಖಕ ಜಾರ್ಜ್ ಆರ್ವೆಲ್ ಜನನ. 1932, ಭಾರತದ ಮೊದಲ ಟೆಸ್ಟ್ ಪಂದ್ಯ ಆರಂಭ. 1975, ದೇಶದಲ್ಲಿ ತುರ್ತು ಪರಿಸ್ಥಿತಿ ಘೋಷಣೆ. 1983, ಭಾರತಕ್ಕೆ ಕ್ರಿಕೆಟ್ ವಿಶ್ವಕಪ್. 2009, ಗಾಯಕ ಮೈಕೆಲ್ ಜಾಕ್ಸನ್ ನಿಧನ. ಐದನ್ನೂ ಒಂದೇ ಉಸಿರಿಗೆ, ಒಂದೇ ದನಿಯಲ್ಲಿ ಓದಿ, ಧನ್ಯವಾದ ಹೇಳಿ ಹೋಗಿ ಸಾಲಿನಲ್ಲಿ ನಿಂತಳು.

ಓದಿದ್ದರಲ್ಲಿ ತಪ್ಪು ಒಂದೂ ಇರಲಿಲ್ಲ. ಇಸವಿ ಸರಿ, ಹೆಸರು ಸರಿ, ಉಚ್ಚಾರಣೆಯೂ ಚೊಕ್ಕ. ಆದರೂ ವಾಪಸ್ ಬರುವ ಬಸ್ಸಿನಲ್ಲಿ ಆ ಐದು ಸಾಲು ನನ್ನನ್ನು ಬಿಡಲಿಲ್ಲ. ದೇಶದ ಪ್ರಜೆಗಳ ಹಕ್ಕು ಕಿತ್ತುಕೊಂಡ ರಾತ್ರಿಗೂ ಒಂದು ಪಾಪ್ ಗಾಯಕನ ಸಾವಿಗೂ ಒಂದೇ ಅಳತೆಯ ಜಾಗ, ಒಂದೇ ಪೂರ್ಣವಿರಾಮ.

‘ಇತಿಹಾಸದಲ್ಲಿ ಈ ದಿನ’ ಎಂಬ ಅಂಕಣ ನಮಗೆಲ್ಲ ಎಷ್ಟು ಒಗ್ಗಿಹೋಗಿದೆಯೆಂದರೆ ಅದನ್ನು ಯಾರೂ ಬರವಣಿಗೆ ಎಂದು ಎಣಿಸುವುದೇ ಇಲ್ಲ. ಪತ್ರಿಕೆಯ ಮೂಲೆಯಲ್ಲಿ, ರೇಡಿಯೊದ ಬೆಳಗಿನ ಕಾರ್ಯಕ್ರಮದಲ್ಲಿ, ಎಫ್‌ಡಿಎ ಎಸ್‌ಡಿಎ ಪರೀಕ್ಷೆಯ ಗೈಡುಗಳಲ್ಲಿ, ಈಗ ವಾಟ್ಸ್ಆ್ಯಪ್‌ನಲ್ಲಿ ಅದು ದಿನವೂ ಬರುತ್ತದೆ. ಕಥೆ, ಕವಿತೆ, ಸಿನಿಮಾಕ್ಕೆ ವಿಮರ್ಶೆ ಬರೆಯುತ್ತೇವೆ. ಹೆಚ್ಚು ಜನ ದಿನವೂ ಓದುವ ಚರಿತ್ರೆಯ ರೂಪ ಇದು, ಇದಕ್ಕೆ ಒಂದು ಸಾಲು ವಿಮರ್ಶೆಯೂ ಇಲ್ಲ. ಅಂಕಣವನ್ನು ತೆಗೆದುಹಾಕಿ ಎನ್ನುವವನಲ್ಲ ನಾನು. ಚರಿತ್ರೆಯ ಪುಸ್ತಕ ಮುಟ್ಟದ ಮನೆಗೂ ಅದು ಇಸವಿಯೊಂದನ್ನು ತಲುಪಿಸುತ್ತದೆ, ಅದು ಸಣ್ಣ ಕೆಲಸವಲ್ಲ. ನನ್ನ ತಕರಾರು ಇರುವುದು ಒಂದೇ: ತೇದಿಯನ್ನು ಕೊಟ್ಟ ಕೂಡಲೇ ಸಂಗತಿಯನ್ನೂ ಕೊಟ್ಟಂತಾಯಿತು ಎಂದು ಅದು ನಂಬಿದೆ.

ಇಲ್ಲಿ ನಮ್ಮ ಹಲ್ಮಿಡಿ ಶಾಸನ ನೆನಪಾಗುತ್ತದೆ. ಕನ್ನಡದ ಆ ಹಳೆಯ ಕಲ್ಲಿನಲ್ಲಿ ತೇದಿಯೇ ಇಲ್ಲ. ಲಿಪಿ, ಭಾಷೆ, ಅರಸರ ಹೆಸರು ನೋಡಿ ವಿದ್ವಾಂಸರು ಸುಮಾರು 450 ಎಂದು ಕಾಲ ಗೊತ್ತುಮಾಡಿದ್ದಾರೆ, ಅದರ ಬಗ್ಗೆ ಚರ್ಚೆಯೂ ನಡೆದಿದೆ. ಆದರೆ ಕಾದಾಡಿದ ವಿಜಅರಸನಿಗೆ ಹಲ್ಮಿಡಿ, ಮೂಳಿವಳ್ಳಿ ಎಂಬ ಊರುಗಳನ್ನು ಕೊಟ್ಟರು ಎಂಬುದು ಅಲ್ಲಿದೆ. ಯಾರು, ಯಾರಿಗೆ, ಏನನ್ನು, ಯಾಕೆ, ಎಲ್ಲವೂ ಇದೆ. ತೇದಿಯೊಂದು ಇಲ್ಲ. ನಂತರದ ಶತಮಾನಗಳ ದಾನಶಾಸನಗಳು ತೇದಿಯನ್ನೂ ಕೊಟ್ಟವು, ಅದೂ ಎಷ್ಟು ಅಚ್ಚುಕಟ್ಟಾಗಿ: ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ, ಕೆಲವೊಮ್ಮೆ ಗ್ರಹಣ, ಸಂಕ್ರಮಣ. ಅಷ್ಟು ಬರೆದವರು ಅಲ್ಲಿಗೇ ನಿಲ್ಲಿಸಲಿಲ್ಲ. ಗದ್ದೆಯ ಎಲ್ಲೆ ಯಾವ ಹಳ್ಳದವರೆಗೆ, ಯಾವ ಮರದವರೆಗೆ, ಸಾಕ್ಷಿ ಯಾರು, ಇದನ್ನು ಅಳಿಸಿದವನಿಗೆ ತಟ್ಟುವ ಪಾಪ ಯಾವುದು ಎಂಬುದರ ತನಕ ಕೊರೆಸಿದರು. ನಮ್ಮ ದಿನವಿಶೇಷದ ಅಂಕಣ ಹಲ್ಮಿಡಿಯ ಕಲ್ಲನ್ನು ತಿರುಗಿಸಿ ನಿಲ್ಲಿಸಿದ ಹಾಗಿದೆ. ತೇದಿ ಇದೆ, ಉಳಿದದ್ದೊಂದೂ ಇಲ್ಲ.

ಹೋಗಲಿ, ತೇದಿಯಾದರೂ ಗಟ್ಟಿಯೇ? ತುರ್ತು ಪರಿಸ್ಥಿತಿಯನ್ನೇ ನೋಡಿ. ಜೂನ್ 12ರಂದು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನ್ ಲಾಲ್ ಸಿನ್ಹಾ ಇಂದಿರಾ ಗಾಂಧಿಯವರ ಆಯ್ಕೆಯನ್ನು ಅಸಿಂಧುಗೊಳಿಸಿದರು. 24ರಂದು ಸುಪ್ರೀಂ ಕೋರ್ಟಿನ ರಜಾಕಾಲದ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಷರತ್ತಿನ ತಡೆಯಾಜ್ಞೆ ಕೊಟ್ಟರು. 25ರ ಸಂಜೆ ದೆಹಲಿಯ ರಾಮಲೀಲಾ ಮೈದಾನದಲ್ಲಿ ಜಯಪ್ರಕಾಶ ನಾರಾಯಣರ ಸಭೆ ನಡೆಯಿತು. ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಘೋಷಣೆಗೆ ಸಹಿ ಹಾಕಿದಾಗ ರಾತ್ರಿ ಬಹಳವಾಗಿತ್ತು. ಬಹಾದುರ್ ಷಾ ಜಫರ್ ಮಾರ್ಗದ ಪತ್ರಿಕಾ ಕಚೇರಿಗಳಿಗೆ ಕರೆಂಟು ಹೋಯಿತು. ಸಚಿವ ಸಂಪುಟಕ್ಕೆ ವಿಷಯ ಗೊತ್ತಾದದ್ದೇ 26ರ ಬೆಳಿಗ್ಗೆ, ದೇಶಕ್ಕೆ ಗೊತ್ತಾದದ್ದು ಅದರ ನಂತರ, ರೇಡಿಯೊದಲ್ಲಿ. ಸಹಿ ಹಾಕಿದವರಿಗೆ ಅದು 25, ಸಹಿಯ ಕೆಳಗೆ ಸಿಕ್ಕಿಬಿದ್ದವರಿಗೆ 26.

ಬೆಂಗಳೂರಿನ ಮಟ್ಟಿಗಂತೂ ಅದು 26. ಸಂಸದೀಯ ಸಮಿತಿಯ ಸಭೆಗೆಂದು ಊರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಅಂದು ಬೆಳಿಗ್ಗೆ ಬಂಧನಕ್ಕೊಳಗಾಗಿ ಸೆಂಟ್ರಲ್ ಜೈಲಿಗೆ ಹೋದರು. ಇಂದು ಆ ಜಾಗ ಫ್ರೀಡಂ ಪಾರ್ಕ್. ಧರಣಿ ಕೂರುವವರು, ಬೆಳಗಿನ ನಡಿಗೆಗೆ ಬರುವವರು ದಿನವೂ ಅಲ್ಲಿ ಓಡಾಡುತ್ತಾರೆ, ಹಳೆಯ ಜೈಲಿನ ಗೋಡೆಗಳು ಇನ್ನೂ ನಿಂತಿವೆ. ಕನ್ನಡದ ಪತ್ರಿಕೆಯೊಂದು ಜೂನ್ 25ರ ಅಂಕಣ ಬರೆಯುವಾಗ ಈ ಊರಿನಲ್ಲಿ ನಿಂತು ಬರೆಯಬೇಡವೇ? ದೆಹಲಿಯಿಂದ ನಕಲು ಮಾಡಿದ ಸಾಲಿಗೆ ಸೆಂಟ್ರಲ್ ಜೈಲಿನ ಬಾಗಿಲು ಕಾಣುವುದಿಲ್ಲ. ತೇದಿ ಆರಿಸುವುದೇ ಒಂದು ನಿಲುವು ಎಂಬುದನ್ನು ಸರ್ಕಾರಗಳು ಚೆನ್ನಾಗಿ ಬಲ್ಲವು. 2024ರ ಜುಲೈನಲ್ಲಿ ಕೇಂದ್ರ ಸರ್ಕಾರ ಜೂನ್ 25ನ್ನು ಪ್ರತಿವರ್ಷ ‘ಸಂವಿಧಾನ ಹತ್ಯಾ ದಿವಸ’ ಎಂದು ಆಚರಿಸಲು ಅಧಿಸೂಚನೆ ಹೊರಡಿಸಿತು. ಅಂಕಣ ಬರೆಯುವವರು ಮಾತ್ರ ತೇದಿ ಎಂದರೆ ಆಕಾಶದಿಂದ ಉದುರಿದ್ದು ಎಂಬಂತೆ ಬರೆಯುತ್ತಾರೆ.

ಕ್ರೀಡೆಯ ಸಾಲುಗಳಿಗೆ ಬಂದರೆ ಅಂಕಣದ ಗುಣ, ದೋಷ ಎರಡೂ ಒಟ್ಟಿಗೆ ಎದ್ದು ಕಾಣುತ್ತವೆ. ಮೊದಲು ಗುಣ. 1932ರ ಜೂನ್ 25ರಂದು ಸಿ.ಕೆ. ನಾಯುಡು ನಾಯಕತ್ವದಲ್ಲಿ ಭಾರತ ತನ್ನ ಮೊದಲ ಟೆಸ್ಟ್ ಆಡಲು ಇಳಿದದ್ದು ಲಾರ್ಡ್ಸ್ ಮೈದಾನಕ್ಕೆ. ಮೊಹಮ್ಮದ್ ನಿಸಾರ್ ವೇಗಕ್ಕೆ ಕಂಗೆಟ್ಟು ಇಂಗ್ಲೆಂಡ್ 19 ರನ್ನಿಗೆ 3 ವಿಕೆಟ್ ಕಳೆದುಕೊಂಡಿತು. ನಿಸಾರ್ 93 ರನ್ನಿಗೆ 5 ವಿಕೆಟ್ ಪಡೆದರು, ಕೊನೆಗೆ ಭಾರತ 158 ರನ್ನುಗಳಿಂದ ಸೋತಿತು. ಸರಿಯಾಗಿ 51 ವರ್ಷಗಳ ನಂತರ, ಅದೇ ತೇದಿ, ಅದೇ ಹುಲ್ಲು, 43 ರನ್ನುಗಳ ಗೆಲುವು, ವಿಶ್ವಕಪ್. ಈ ಎರಡನ್ನು ಅಕ್ಕಪಕ್ಕ ಕೂರಿಸಿ ತೋರಿಸಲು ಕ್ಯಾಲೆಂಡರಿಗೆ ಮಾತ್ರ ಸಾಧ್ಯ. ಇಸವಿಯ ಕ್ರಮದಲ್ಲಿ ಓದುವ ಚರಿತ್ರೆಯಲ್ಲಿ ಇವೆರಡರ ನಡುವೆ ನೂರಾರು ಪುಟ ಬಿದ್ದಿರುತ್ತವೆ. ಆ ಹುಡುಗಿಯ ಹಾಳೆಯಲ್ಲಿಯೂ ಎರಡು ಸಾಲೂ ಇದ್ದವು. ಎರಡಕ್ಕೂ ಮೈದಾನ ಒಂದೇ ಎಂಬ ಮೂರು ಪದ ಇರಲಿಲ್ಲ. ಇದ್ದಿದ್ದರೆ ಜಗಲಿಯ ಮೇಲಿದ್ದ ಅಷ್ಟೂ ಮಕ್ಕಳು ಒಮ್ಮೆ ತಲೆ ಎತ್ತುತ್ತಿದ್ದರು ಎಂದು ನನಗೆ ಖಾತ್ರಿಯಿದೆ.

ಇನ್ನು ದೋಷ. ‘ಭಾರತಕ್ಕೆ ವಿಶ್ವಕಪ್’ ಎಂಬ ಸಾಲು ಗೆಲುವನ್ನು ಹೇಳುತ್ತದೆ, ಆಟವನ್ನು ಹೇಳುವುದಿಲ್ಲ. 60 ಓವರಿನ ಪಂದ್ಯದಲ್ಲಿ ಭಾರತ 54.4 ಓವರಿಗೆ 183ಕ್ಕೆ ಮುಗಿದಿತ್ತು. ಶ್ರೀಕಾಂತ್ 38 ರನ್ನೇ ಅತಿ ಹೆಚ್ಚು. ಆ 183ರಲ್ಲಿ 22 ರನ್ ಕೊನೆಯ ಜೋಡಿಯದು, ಸೈಯದ್ ಕಿರ್ಮಾನಿ ಮತ್ತು ಬಲ್ವಿಂದರ್ ಸಂಧು. ವೆಸ್ಟ್ ಇಂಡೀಸಿನ ರಿಚರ್ಡ್ಸ್ ಹೊಡೆದ ಚೆಂಡಿನ ಹಿಂದೆ ಓಡಿಹೋಗಿ ನಾಯಕ ಕಪಿಲ್ ಹಿಡಿದ ಕ್ಯಾಚನ್ನು ಎಲ್ಲರೂ ನೆನೆಯುತ್ತಾರೆ, ನೆನೆಯಬೇಕಾದದ್ದೇ. ನನ್ನ ಕಣ್ಣಿಗೆ ಕಟ್ಟಿದ್ದು ಇನ್ನೊಂದು. ಸಂಧು ಎಸೆತ ಬಕಸ್ ಬ್ಯಾಟಿನ ಅಂಚಿಗೆ ತಗುಲಿ ಕೆಳಮಟ್ಟದಲ್ಲಿ ಹಾರಿತು. ಕಿರ್ಮಾನಿ ಮೈ ಚಾಚಿ ಬಲಕ್ಕೆ ಬಿದ್ದರು. ಚೆಂಡು ನೆಲ ಮುಟ್ಟುವ ಮೊದಲು ಗ್ಲೌಸಿನಲ್ಲಿತ್ತು. ವೆಸ್ಟ್ ಇಂಡೀಸ್ 76ಕ್ಕೆ 6. ಅದಕ್ಕೆ ಸ್ವಲ್ಪ ಮೊದಲು ಕ್ಲೈವ್ ಲಾಯ್ಡ್ ಅವರನ್ನು ಔಟು ಮಾಡಿದ್ದು ಬೆಂಗಳೂರಿನ ರೋಜರ್ ಬಿನ್ನಿ. ಆ ಟೂರ್ನಿಯಲ್ಲಿ 18 ವಿಕೆಟ್ ಪಡೆದು ಎಲ್ಲರಿಗಿಂತ ಮುಂದಿದ್ದವರೂ ಅವರೇ. ಅದೇ ತಿಂಗಳ 18ರಂದು ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆ ಎದುರು ಕಪಿಲ್ 175 ಹೊಡೆದಾಗ ಇನ್ನೊಂದು ತುದಿಯಲ್ಲಿ ಔಟಾಗದೆ 24 ರನ್ ಮಾಡಿ, ಮುರಿಯದ 126 ರನ್ನಿನ ಜೊತೆಯಾಟ ಕಟ್ಟಿದವರು ಕಿರ್ಮಾನಿ. ಜೂನ್ 18ರ ಅಂಕಣದಲ್ಲಿ 175 ಬರುತ್ತದೆ, 24 ಬರುವುದಿಲ್ಲ. ದಾಖಲೆ ಬರೆದವನಷ್ಟೇ ಈ ಅಂಕಣದ ಕಣ್ಣಿಗೆ ಬೀಳುತ್ತಾನೆ. ದಾಖಲೆಗೆ ಹೆಗಲು ಕೊಟ್ಟವನು ಕನ್ನಡಿಗನೇ ಆಗಿದ್ದರೂ ಕನ್ನಡದ ಅಂಕಣದಲ್ಲಿ ಅವನಿಗೆ ಜಾಗವಿಲ್ಲ. ಇದು ನನಗೆ ನಿಜಕ್ಕೂ ನೋವಿನ ವಿಷಯ.

ಜೂನ್ 25ರಲ್ಲಿ ಇನ್ನೊಂದು ಆಟವಿದೆ, ನಮ್ಮ ಪಟ್ಟಿಗಳಲ್ಲಿ ಅಷ್ಟಾಗಿ ಕಾಣದ್ದು. 1978, ಬ್ಯೂನಸ್ ಐರಿಸ್, ಮಾನ್ಯುಮೆಂಟಲ್ ಕ್ರೀಡಾಂಗಣ. ಹೆಚ್ಚುವರಿ ಅವಧಿಯ ತನಕ ಹೋದ ಫೈನಲ್‌ನಲ್ಲಿ ಅರ್ಜೆಂಟೀನಾ ನೆದರ್ಲೆಂಡ್ಸನ್ನು 3-1ರಿಂದ ಸೋಲಿಸಿತು. ಮಾರಿಯೊ ಕೆಂಪೆಸ್ ಎರಡು ಗೋಲು ಹೊಡೆದರು. ಆಗ ಆ ದೇಶವನ್ನು ಆಳುತ್ತಿದ್ದದ್ದು ಜನರಲ್ ವಿಡೆಲಾನ ಸೇನಾ ಸರ್ಕಾರ. ಕ್ರೀಡಾಂಗಣಕ್ಕೆ ಹತ್ತಿರದಲ್ಲೇ ನೌಕಾಪಡೆಯ ಎಸ್ಮಾ ಎಂಬ ತರಬೇತಿ ಶಾಲೆ. ಜನರನ್ನು ಹಿಡಿದು ತಂದು ಚಿತ್ರಹಿಂಸೆ ಕೊಡುತ್ತಿದ್ದ ಗುಪ್ತ ಸೆರೆಮನೆ ಅದಾಗಿತ್ತು. ಗೋಲಿನ ಕೂಗು ಒಳಗಿದ್ದವರಿಗೆ ಕೇಳಿಸಿತ್ತು. ಇದನ್ನು ‘ಕ್ರೀಡೆ’ ಎಂಬ ತಲೆಬರಹದ ಕೆಳಗೆ ಹಾಕುವುದೋ ‘ರಾಜಕೀಯ’ದ ಕೆಳಗೋ? ಅಂಕಣದ ಖಾನೆಗಳು ಸೋಲುವುದು ಇಲ್ಲಿ. ಒಂದೇ ಸಂಜೆ, ಒಂದೇ ಗಾಳಿಯಲ್ಲಿ ಹಬ್ಬವೂ ನರಳಾಟವೂ ಇದ್ದವು. ಎರಡನ್ನೂ ಒಂದೇ ವಾಕ್ಯದಲ್ಲಿ ಹೇಳಬಲ್ಲ ಅಂಕಣಕಾರ ಆ ದಿನದ ಚರಿತ್ರೆಯನ್ನು ಹೇಳಿದಂತೆ. ನಮ್ಮ 1975, 1983ರ ಸಾಲುಗಳು ಹುಡುಗಿಯ ಹಾಳೆಯಲ್ಲಿ ಒಂದರ ಕೆಳಗೊಂದು ಇದ್ದವು. ಸಂಭ್ರಮದ ಸಾಲು ಕತ್ತಲೆಯ ಸಾಲನ್ನು ಮರೆಸಿಬಿಡುವುದನ್ನು ನಾನು ವರ್ಷ ವರ್ಷವೂ ನೋಡುತ್ತಿದ್ದೇನೆ.

ಜನ್ಮದಿನಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಂಕಣದಲ್ಲಿ ಅತಿ ಬಡವಾದ ಭಾಗ ಅದು. ಡಿಸೆಂಬರ್ 29ರಂದು ಕುವೆಂಪು, ರಾಜೇಶ್ ಖನ್ನಾ, ಕಿರ್ಮಾನಿ ಮೂವರೂ ಹುಟ್ಟಿದ್ದಾರೆ ಎಂದರೆ ಮೂವರಲ್ಲಿ ಯಾರ ಬಗ್ಗೆಯೂ ಏನೂ ತಿಳಿದಂತಾಗಲಿಲ್ಲ. ಹಿಂದಿನ ತಲೆಮಾರಿನ ಎಷ್ಟೋ ಜನರ ಹುಟ್ಟಿದ ದಿನ ಶಾಲೆಗೆ ಸೇರಿಸುವಾಗ ಮೇಷ್ಟರು ಅಂದಾಜಿನ ಮೇಲೆ ಬರೆದದ್ದು, ಹಾಗಾಗಿಯೇ ನಮ್ಮ ಹಿರಿಯರಲ್ಲಿ ಜೂನ್ 1ರಂದು ‘ಹುಟ್ಟಿದವರು’ ಅಷ್ಟೊಂದು. ಅಕ್ಷಯ ತೃತೀಯದಂದು ನಾವು ಆಚರಿಸುವ ಬಸವ ಜಯಂತಿ ತಿಥಿಯ ಜೊತೆ ಚಲಿಸುವುದರಿಂದ ಇಂಗ್ಲಿಷ್ ತೇದಿಯ ಪಟ್ಟಿಗೆ ಬಸವಣ್ಣ ಸಿಕ್ಕುವುದೇ ಇಲ್ಲ. ಆದರೂ ಆರ್ವೆಲ್ ಸಾಲಿಗೆ ಒಂದು ಮಾತು ಸೇರಿಸಬಹುದಿತ್ತು. ಎರಿಕ್ ಬ್ಲೇರ್ ಎಂಬ ಆ ಮಗು ಹುಟ್ಟಿದ್ದು ಬಿಹಾರದ ಮೋತಿಹಾರಿಯಲ್ಲಿ, ಅಪ್ಪ ಬ್ರಿಟಿಷರ ಅಫೀಮು ಇಲಾಖೆಯ ನೌಕರ. ಆಳುವವರು ಜನರ ಮಾತನ್ನೂ ನೆನಪನ್ನೂ ಅಳಿಸುವ ಬಗೆಯನ್ನು 1949ರ ಕಾದಂಬರಿಯಲ್ಲಿ ತೋರಿಸಿದವನು ಅವನೇ. ಅವನ ಹುಟ್ಟೂರಿನ ರಾಜ್ಯದಲ್ಲಿ ಎದ್ದ ಜಯಪ್ರಕಾಶರ ಚಳವಳಿಯ ನಾಯಕರನ್ನು, ಅವನ ಹುಟ್ಟಿದ ದಿನದ ರಾತ್ರಿ ಕಳೆಯುತ್ತಲೇ ಹಿಡಿದು ಒಳಗೆ ಹಾಕಿದರು. ಹಾಳೆಯಲ್ಲಿ ಈ ಎರಡು ಸಾಲುಗಳ ನಡುವೆ ಇದ್ದದ್ದು ಒಂದೇ ಸಾಲು.

ನಿಧನದ ಸಾಲುಗಳು ಮಾತ್ರ ನನ್ನನ್ನು ಬೇರೆಯೇ ಕಡೆಗೆ ಎಳೆಯುತ್ತವೆ. ತುರ್ತು ಪರಿಸ್ಥಿತಿ 21 ತಿಂಗಳು ನಡೆದು 1977ರ ಮಾರ್ಚ್ 21ರಂದು ಮುಗಿಯಿತು. ಅದಕ್ಕೆ ಪಟ್ಟಿಯಲ್ಲಿ ಶುರುವಿನ ಒಂದು ದಿನ ಇದೆ, ಕೆಲವೊಮ್ಮೆ ಕೊನೆಯ ದಿನವೂ ಇದೆ. ನಡುವಿನ ದಿನಗಳಿಗೆ ಯಾವ ತೇದಿ? ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯಾಗಿ ನಟಿಸಿದ ಸ್ನೇಹಲತಾ ರೆಡ್ಡಿ ಅವರನ್ನು 1976ರ ಮೇ ತಿಂಗಳಲ್ಲಿ ಬಂಧಿಸಿ ಬೆಂಗಳೂರಿನ ಅದೇ ಸೆಂಟ್ರಲ್ ಜೈಲಿನಲ್ಲಿಟ್ಟರು. ಅವರಿಗೆ ಆಸ್ತಮಾ ಇತ್ತು. ಎಂಟು ತಿಂಗಳು ಒಳಗಿದ್ದರು, ಉಸಿರಾಟ ಹದಗೆಡುತ್ತ ಹೋಯಿತು. 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಬಿಟ್ಟರು, ಕೆಲವೇ ದಿನಗಳಲ್ಲಿ, 20ರಂದು, ತೀರಿಕೊಂಡರು. ಉಸಿರಿಗಾಗಿ ಕಷ್ಟಪಟ್ಟ ಎಂಟು ತಿಂಗಳ ರಾತ್ರಿಗಳಲ್ಲಿ ಯಾವುದಕ್ಕೂ ‘ಈ ದಿನ’ ಎಂಬ ಗೌರವ ಸಿಕ್ಕಿಲ್ಲ. ಜನವರಿ 20ರ ಪಟ್ಟಿಗಳಲ್ಲಿ ನಾನು ಕಂಡಿದ್ದು ಅಮೆರಿಕದ ಅಧ್ಯಕ್ಷರ ಪ್ರಮಾಣವಚನ. ನಾನು ನೋಡಿದ ಯಾವ ಕನ್ನಡ ಪಟ್ಟಿಯಲ್ಲಿಯೂ ಅವರ ಹೆಸರು ಇರಲಿಲ್ಲ.

ನಮ್ಮ ಅಡುಗೆಮನೆಯ ಗೋಡೆಯಲ್ಲಿ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ತೂಗುತ್ತದೆ. ಪ್ರತಿ ಖಾನೆಯಲ್ಲೂ ಮನೆಯವರ ಕೈಬರಹ: ಹಾಲು ಎರಡು ಪ್ಯಾಕೆಟ್, ಗ್ಯಾಸ್ ಬಂತು, ಸೀಮಂತಕ್ಕೆ ಹೋಗಬೇಕು. ಈ ವರ್ಷ ಜನವರಿ 20ರ ಖಾನೆಯಲ್ಲಿ, ಹಾಲಿನ ಲೆಕ್ಕದ ಕೆಳಗೆ ಉಳಿದಿದ್ದ ಅರ್ಧ ಇಂಚು ಜಾಗದಲ್ಲಿ, ಚಿಕ್ಕ ಅಕ್ಷರದಲ್ಲಿ ಬರೆದಿದ್ದೇನೆ: ಸ್ನೇಹಲತಾ ರೆಡ್ಡಿ, 1977. ಚಂದ್ರಿ. ಸೆಂಟ್ರಲ್ ಜೈಲು, ಎಂಟು ತಿಂಗಳು.