ಮಣ್ಣು ಮತ್ತು ಭೂಮಿ: ಕಾರಂತರ ಎರಡು ಕಾದಂಬರಿಗಳು

ಮಣ್ಣು, ಭೂಮಿ ಎಂಬ ಮಾತುಗಳನ್ನು ನಾವು ಒಂದರ ಬದಲಿಗೆ ಇನ್ನೊಂದನ್ನು ಧಾರಾಳವಾಗಿ ಬಳಸುವುದುಂಟು. ಲೋಕವ್ಯವಹಾರದಲ್ಲಿ ಅವು ಒಂದಲ್ಲ. ಮಣ್ಣು ಕೈಗೆ ಸಿಕ್ಕುವ ವಸ್ತು. ಅದರ ಗುಣವನ್ನು ಬಲ್ಲವನು ಅದರಲ್ಲಿ ದುಡಿಯುವವನು. ಭೂಮಿಯಾದರೋ ಅದೇ ಮಣ್ಣಿಗೆ ಗಡಿ, ಪಟ್ಟೆ, ತೀರ್ವೆ, ಗೇಣಿಗಳು ಸೇರಿ ಆದ ಹಕ್ಕು. ಈ ಭೇದವನ್ನು ಮರೆತು ಶ್ರೀ ಶಿವರಾಮ ಕಾರಂತರನ್ನು ಓದುವವರು ಅವರಲ್ಲಿ ಮಣ್ಣಿನ ಮಹಿಮೆಯೊಂದನ್ನೇ ಕಂಡು ತಣಿಯುವರು.

1933ರಲ್ಲಿ ಪ್ರಕಟವಾದ ‘ಚೋಮನ ದುಡಿ’ಯನ್ನು ನೋಡಬಹುದು. ಚೋಮನಿಗೆ ಮಣ್ಣಿನ ಕೊರತೆಯಿಲ್ಲ. ಧಣಿಯ ಗದ್ದೆಯ ಕೆಸರಿನಲ್ಲಿಯೇ ಆಯುಷ್ಯವನ್ನು ಸವೆಸಿದವನು ಅವನು. ಅವನಲ್ಲಿ ಎತ್ತುಗಳೂ ಇವೆ. ಇಲ್ಲದುದು, ತಾನೇ ಬೇಸಾಯ ಮಾಡಲು ಒಂದು ತುಂಡು ಭೂಮಿ. ಅಸ್ಪೃಶ್ಯ ಕುಲದವನು ಬೇಸಾಯಗಾರನಾಗಕೂಡದೆಂಬ ಕಟ್ಟು ಅವನನ್ನು ತಡೆಯುತ್ತದೆ. ಮಣ್ಣನ್ನು ತುಳಿಯಲು ಅಡ್ಡಿಯಿಲ್ಲ, ಭೂಮಿಯನ್ನು ಬೇಡಲು ಅಡ್ಡಿ. ಕಥೆಯ ದುಃಖವೆಲ್ಲ ಈ ಇಕ್ಕಟ್ಟಿನಿಂದಲೇ ಹೊರಡುವುದು.

‘ಮರಳಿ ಮಣ್ಣಿಗೆ’ಯಲ್ಲಿ ಇದೇ ಭೇದ ಬೇರೊಂದು ಬಗೆಯಲ್ಲಿ ತೋರುವುದು. ಕಡಲ ಮಗ್ಗುಲ ಊರಿನಲ್ಲಿ ಪಾರೋತಿ, ಸರಸೋತಿಯರು ಮೈಮುರಿದು ದುಡಿಯುವರು. ಮಣ್ಣನ್ನು ಬಲ್ಲವರು ಅವರೇ. ಐತಾಳರ ಮಗ ಲಚ್ಚನಿಗೆ ಭೂಮಿ ಎಂದರೆ ಹಣವಾಗತಕ್ಕ ಆಸ್ತಿ. ಮಣ್ಣನ್ನರಿಯದವನ ಕೈಯಲ್ಲಿ ಆ ಆಸ್ತಿ ಕರಗಿತು. ಮದರಾಸು, ಮುಂಬಯಿಗಳನ್ನು ಕಂಡು ಬಂದ ಮೊಮ್ಮಗ ರಾಮನು ಕೊನೆಗೆ ಊರನ್ನೇ ನೆಚ್ಚುವನು. ಹೆಸರು ‘ಮರಳಿ ಭೂಮಿಗೆ’ ಎಂದಾಗದಿರುವುದು ಉಚಿತವೇ ಸರಿ.

ಆದರೂ ವಿಮರ್ಶಕನು ಇಲ್ಲಿ ಒಂದು ಮಾತನ್ನು ಕೇಳಬೇಕಾಗಿದೆ. ಮರಳುವುದು ಯಾರಿಗೆ ಸಾಧ್ಯ? ಆಸ್ತಿ ಹೋದರೂ, ಬೇಸಾಯಕ್ಕಿಳಿಯಬೇಡವೆಂದು ರಾಮನನ್ನು ತಡೆಯುವ ಜಾತಿಯ ಕಟ್ಟಿಲ್ಲ. ದುಡಿಯನ್ನು ಬಾರಿಸುತ್ತ ಪ್ರಾಣ ಬಿಡುವ ಚೋಮನಿಗೋ, ಮಣ್ಣಿಗೆ ಮರಳುವುದೆಂದರೆ ಮಣ್ಣಾಗುವುದೊಂದೇ. ಒಬ್ಬನೇ ಲೇಖಕನ ಈ ಎರಡು ಕೃತಿಗಳನ್ನು ಜೊತೆಯಲ್ಲಿಟ್ಟು ಓದಿದಾಗ, ಎರಡನೆಯದರ ಸಮಾಧಾನವನ್ನು ಮೊದಲನೆಯದು ಕದಡಿಬಿಡುವುದು.

1974ರ ಭೂಸುಧಾರಣಾ ತಿದ್ದುಪಡಿಯು ಕರ್ನಾಟಕದಲ್ಲಿ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿತು. ಚೋಮನಾದರೋ ಗೇಣಿದಾರನೂ ಆಗಲಿಲ್ಲ, ಆಳಾಗಿಯೇ ಸತ್ತನು. ಗೇಣಿದಾರರನ್ನು ಒಡೆಯರನ್ನಾಗಿಸುವ ಆ ಏರ್ಪಾಡೊಂದೇ ಅಂಥವನಿಗೆ ಉಳುವ ಗದ್ದೆಯನ್ನು ಕೊಡಲಾರದು. ಆದುದರಿಂದ ‘ಚೋಮನ ದುಡಿ’ಯ ಪ್ರಶ್ನೆ ಹಳೆಯದಾಯಿತೆಂದು ಯಾರೂ ಬಗೆಯಬಾರದು. ಮಣ್ಣನ್ನು ಹೊಗಳುವ ಕವಿಗಳು ನಮ್ಮಲ್ಲಿ ಬೇಕಾದಷ್ಟು ಮಂದಿ ಇರುವರು. ಆ ಮಣ್ಣು ಯಾರ ಭೂಮಿ ಎಂದು ಕೇಳುವವರು ಕೆಲವರೇ. ಕಾರಂತರು ಆ ಕೆಲವರಲ್ಲಿ ಒಬ್ಬರು.