ಗಲಗಲ ಎನ್ನುವ ಚೆಂಡು

ಬಿಳಿ ಬಣ್ಣದ ಗಟ್ಟಿ ಪ್ಲಾಸ್ಟಿಕ್ ಚೆಂಡು. ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರೆ ಒಳಗಿನ ಬೇರಿಂಗ್ ಗುಂಡುಗಳು ಗಲಗಲ ಎನ್ನುತ್ತವೆ. ಅಂಧರ ಕ್ರಿಕೆಟ್ ನಿಂತಿರುವುದೇ ಈ ಸದ್ದಿನ ಮೇಲೆ. 1922ರಲ್ಲಿ ಮೆಲ್ಬರ್ನ್‌ನ ಅಂಧ ಕಾರ್ಮಿಕರು ಡಬ್ಬಿಗೆ ಕಲ್ಲು ತುಂಬಿ ಶುರು ಮಾಡಿದ ಆಟವಿದು.

ಬೌಲರ್ ‘ರೆಡಿ?’ ಎಂದು ಕೇಳುತ್ತಾನೆ. ಬ್ಯಾಟ್ಸ್‌ಮನ್ ‘ಯೆಸ್’ ಅಂದ ಮೇಲೆಯೇ ‘ಪ್ಲೇ’ ಎನ್ನುತ್ತ ಚೆಂಡನ್ನು ಕೆಳಗೈಯಿಂದ ಬಿಡುತ್ತಾನೆ. ಇತ್ತ ಮಂಡಿಯೂರಿ ಒಂದು ಸ್ವೀಪ್! ಪೂರ್ಣ ಅಂಧರು ಹೊಡೆದ ಒಂದು ರನ್ನಿಗೆ ಎರಡರ ಲೆಕ್ಕ. ಹನ್ನೊಂದರಲ್ಲಿ ಅಂಥವರು ನಾಲ್ವರು ಇರಲೇಬೇಕು. ನನಗೆ ತುಂಬ ಹಿಡಿಸಿದ್ದು ಈ ನಿಯಮ. ಅವರನ್ನು ಮೂಲೆಗೆ ನಿಲ್ಲಿಸಿ ಗೆಲ್ಲುವುದು ಕಷ್ಟ.

ನಮ್ಮಲ್ಲಿ ಇದನ್ನು ಬೆಳೆಸಿದವರಲ್ಲಿ ಮುಖ್ಯರು ಬೆಂಗಳೂರಿನ ಸಮರ್ಥನಂ ಸಂಸ್ಥೆಯ ಮಹಾಂತೇಶ ಕಿವಡಸಣ್ಣವರ, ಅವರೂ ಅಂಧರೇ. 2012ರಲ್ಲಿ ಬೆಂಗಳೂರಿನಲ್ಲೇ ನಡೆದ ಮೊದಲ ಟಿ20 ವಿಶ್ವಕಪ್ ಗೆದ್ದ ಭಾರತಕ್ಕೆ ಶಿವಮೊಗ್ಗ ಕಡೆಯ ಶೇಖರ್ ನಾಯ್ಕ ನಾಯಕ. 2025ರಲ್ಲಿ ಮಹಿಳೆಯರ ಮೊದಲ ಕಪ್ ಎತ್ತಿದ ನಾಯಕಿ ದೀಪಿಕಾ ಟಿ.ಸಿ. ಕೂಡ ಕರ್ನಾಟಕದ ಪರ ಆಡುವವರು.

ಗಾಣಗಾಪುರದ ಸಂಗಮದ ದಾರಿಯಲ್ಲಿ ಅಂಧರೊಬ್ಬರು ಕಂಡರೆ ನಮ್ಮ ಕೈ ತಾನಾಗಿ ಜೇಬಿಗೆ ಹೋಗುತ್ತದೆ, ಪುಣ್ಯಕ್ಷೇತ್ರದ ರೂಢಿ. ಬರೀ ಕಾಸು ಸಾಲದು, ಅಲ್ಲಿನ ಶಾಲೆ ಬಯಲಿಗೂ ಇಂಥದೊಂದು ಚೆಂಡು ಬರಲಿ. ನೋಡಲು ನೆರೆದವರಿಗೆ ಒಂದೇ ಷರತ್ತು: ಚೆಂಡು ಓಡುವಾಗ ಬಾಯಿ ಮುಚ್ಚಿಕೊಂಡಿರಬೇಕು.