ಎರಡನೆಯ ಧಾಟಿ

ಶಾಕುಂತಲ ನಾಟಕದ ಐದನೆಯ ಅಂಕದ ಆರಂಭದಲ್ಲಿ ಒಂದು ಸಣ್ಣ ಸನ್ನಿವೇಶವುಂಟು. ದುಷ್ಯಂತ ವಿದೂಷಕನೊಡನೆ ಕುಳಿತಿದ್ದಾನೆ. ಸಂಗೀತಶಾಲೆಯಿಂದ ಹಂಸಪದಿಕೆಯ ಹಾಡು ಕೇಳಿಬರುತ್ತದೆ. ಹಾಡು ಮುಗಿದ ಮೇಲೆ ರಾಜನ ಮನಸ್ಸಿನಲ್ಲಿ ಏನೋ ತಳಮಳ. ತಾನು ಇಷ್ಟಜನರಿಂದ ಅಗಲಿದವನಲ್ಲ, ಆದರೂ ಹೀಗೇಕೆ ಎಂದು ತನ್ನನ್ನೇ ಕೇಳಿಕೊಳ್ಳುತ್ತಾನೆ. ಸುಖವಾಗಿರುವವನೂ ಇಂಪಾದ ದನಿಯನ್ನು ಕೇಳಿ ಉತ್ಕಂಠಿತನಾಗುವುದುಂಟು; ಜನ್ಮಾಂತರದ ಸ್ನೇಹಗಳನ್ನು ಅವನ ಮನಸ್ಸು ತನಗರಿವಿಲ್ಲದೆಯೇ ನೆನೆಯುತ್ತಿರಬೇಕು ಎಂದು ಸಮಾಧಾನ ಹೇಳಿಕೊಳ್ಳುತ್ತಾನೆ. ಶಾಪದಿಂದ ಶಕುಂತಲೆಯನ್ನು ಮರೆತಿರುವವನ ಬಾಯಿಂದ ಕಾಳಿದಾಸನು ಈ ಮಾತನ್ನು ಆಡಿಸಿದ್ದಾನೆಂಬುದನ್ನು ಗಮನಿಸಬೇಕು. ಹೆಸರು ಮರೆತಿದೆ, ಮುಖ ಮರೆತಿದೆ. ಹಾಡು ಮಾತ್ರ ಹೇಗೋ ದಾರಿ ಮಾಡಿಕೊಂಡು ಒಳಗೆ ಹೋಗಿದೆ.

ಇಂಥ ಅನುಭವಕ್ಕೆ ರಾಜನೇ ಆಗಿರಬೇಕೆಂದಿಲ್ಲ. ಬಸ್ಸಿನಲ್ಲಿ ಡ್ರೈವರು ಹಾಕಿದ ಯಾವುದೋ ಹಳೆಯ ಹಾಡಿಗೆ ಪಕ್ಕದವರು ಮಾತು ನಿಲ್ಲಿಸಿ ಕಿಟಕಿಯಾಚೆ ನೋಡತೊಡಗುವುದನ್ನು ನಾವೆಲ್ಲ ಕಂಡಿದ್ದೇವೆ. ಹಾಡು ಹೇಗಿದೆಯೆಂದು ಅವರನ್ನು ಕೇಳಿ. ಹಾಡಿನ ಗುಣವನ್ನು ಅವರು ಹೇಳುವುದಿಲ್ಲ, ಅದನ್ನು ಕೇಳಿದ ವರ್ಷವನ್ನೋ ಊರನ್ನೋ ಆಗ ಜೊತೆಗಿದ್ದವರನ್ನೋ ಹೇಳುತ್ತಾರೆ. ವಿಮರ್ಶೆ ಇಂಥ ಸಾಕ್ಷ್ಯವನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಅದಕ್ಕೆ ಶಾಸ್ತ್ರದ ಬೆಂಬಲವೂ ಉಂಟು. ರಸಾಸ್ವಾದಕ್ಕೆ ಅಡ್ಡಿಯಾಗುವ ಏಳು ವಿಘ್ನಗಳನ್ನು ಎಣಿಸುವಾಗ ಅಭಿನವಗುಪ್ತನು, ನೋಡುವವನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿಬಿಡುವುದನ್ನೂ ಒಂದು ವಿಘ್ನವೆಂದಿದ್ದಾನೆ. ಆದರೆ ಆ ವಿಘ್ನಕ್ಕೆ ಪರಿಹಾರ ಹೇಳುವಾಗ ಅವನು ಹೆಸರಿಸುವುದು ವಾದ್ಯವನ್ನು, ಗಾನವನ್ನು. ದುಷ್ಯಂತನ ಆ ಮಾತನ್ನು ರಸವಿಚಾರದ ನಡುವೆ ಉದಾಹರಿಸಿದವನೂ ಅವನೇ. ಹಾಗಾದರೆ ಗಾನವು ನಮ್ಮನ್ನು ನಮ್ಮ ನೆನಪಿಗೆ ಕಟ್ಟಿಹಾಕುತ್ತದೆಯೇ, ಅದರಿಂದ ಬಿಡಿಸುತ್ತದೆಯೇ? ಈ ಪ್ರಶ್ನೆಯನ್ನು ನನಗೆ ಚೆನ್ನಾಗಿ ಗೊತ್ತಿರುವ ಒಂದು ಹಾಡಿನ ಮೂಲಕ, ಅದನ್ನು ಹಾಡಿರುವ ಒಂದು ತಂಡದ ಮೂಲಕ ಪರೀಕ್ಷಿಸಬೇಕೆಂದು ನನ್ನ ಆಸೆ.

ಹಾಡು ಶಿಶುನಾಳ ಷರೀಫರದು. ಇಂದಿನ ಹಾವೇರಿ ಜಿಲ್ಲೆಯ ಶಿಶುವಿನಹಾಳದಲ್ಲಿ 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಈ ತತ್ತ್ವಪದಕಾರರ ಸೋರುವ ಮಾಳಿಗೆಯ ಹಾಡನ್ನು ಅರಿಯದ ಕನ್ನಡಿಗರು ವಿರಳ. ಅಜ್ಞಾನದಿಂದ ಮನೆಯ ಮಾಳಿಗೆ ಸೋರುತ್ತಿದೆ, ಅದನ್ನು ಸರಿಮಾಡುವವರಿಲ್ಲ, ಕತ್ತಲಲ್ಲಿ ತಾನು ಮೇಲೆ ಹತ್ತಿ ಹೋಗಲಾರೆ ಎಂಬುದಿಷ್ಟೇ ಅದರ ವಿಷಯ. ಮುಂದೆ ಹುಳು ಹಿಡಿದ ಜಂತಿ ಬರುತ್ತದೆ, ಸಡಿಲಿದ ಕೀಲು ಬರುತ್ತದೆ, ಹುಲ್ಲು, ಇರುವೆ ಬರುತ್ತವೆ. ಅಜ್ಞಾನವೆಂಬ ಒಂದು ಮಾತನ್ನು ಬದಿಗಿಟ್ಟರೆ ಉಳಿದುದು ಬಹುಮಟ್ಟಿಗೆ ಬಡಗಿಯ ಲೆಕ್ಕ. ಷರೀಫರ ಶಕ್ತಿಯಿರುವುದು ಇಲ್ಲಿಯೇ. ತತ್ತ್ವವನ್ನು ಹೇಳಿ ಅದಕ್ಕೊಂದು ಮನೆಯನ್ನು ದೃಷ್ಟಾಂತವಾಗಿ ಕೊಡುವ ಕ್ರಮ ಅವರದಲ್ಲ. ಅವರಿಗೆ ಮೊದಲು ಮನೆ ಸೋರುತ್ತದೆ.

ಈ ಹಾಡು ನನಗೆ ಮೊದಲು ದೊರೆತದ್ದು ಸಿ. ಅಶ್ವತ್ಥರ ಕಂಠದಲ್ಲಿ, ಕ್ಯಾಸೆಟ್ಟಿನ ಮೂಲಕ. ನಾಗಾಭರಣರ ‘ಸಂತ ಶಿಶುನಾಳ ಷರೀಫ’ ಚಿತ್ರ 1990ರಲ್ಲಿ ತೆರೆಕಂಡಿತು. ನಮ್ಮ ಮನೆಗೆ ಟೇಪ್‌ರೆಕಾರ್ಡರ್ ಬಂದದ್ದೂ ಸುಮಾರಾಗಿ ಆಗಲೇ. ಸಾಗರದ ಕಡೆಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದ ನಮ್ಮ ತಂದೆ ಪ್ರತಿ ವರ್ಷ ಮೇ ತಿಂಗಳ ಕೊನೆಯಲ್ಲಿ ಮನೆಯ ಮೇಲೆ ಹತ್ತಿ ಹೆಂಚು ಕೈಯಾಡಿಸುತ್ತಿದ್ದರು. ಮಂಗ, ಬೆಕ್ಕು ಸರಿಸಿದ ನಾಡಹೆಂಚುಗಳನ್ನು ಒಂದೊಂದಾಗಿ ಎತ್ತಿ, ಕಸ ತೆಗೆದು, ಒಡೆದವನ್ನು ಬದಲಾಯಿಸಿ ಮತ್ತೆ ಕೂರಿಸುವ ಕೆಲಸ ಅದು, ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ಕೆಳಗಿನಿಂದ ಹೆಂಚು ಕೊಡುವ ಕೆಲಸ ನಮ್ಮದು, ಮೇಲಿನಿಂದ ಷರೀಫರ ಹಾಡನ್ನು ಅಶ್ವತ್ಥರ ಧಾಟಿಯಲ್ಲಿ ಗುನುಗುವುದು ಅವರದು. ತಾವು ಹತ್ತಲಾರೆನೆಂಬ ಹಾಡನ್ನು ಹತ್ತಿ ಕುಳಿತುಕೊಂಡು ಹಾಡುವುದರಲ್ಲಿ ಅವರಿಗೊಂದು ಹುಡುಗುತನದ ಸಂತೋಷವಿತ್ತು.

ಅಶ್ವತ್ಥರ ಗಾಯನದ ವೈಶಿಷ್ಟ್ಯವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಅದು ಎದುರಿಗೆ ಜನವಿದೆಯೆಂದು ನಂಬಿದ ದನಿ. ನಾಟಕರಂಗದ ಸಂಗೀತದಲ್ಲಿ ಪಳಗಿದವರು ಅವರು. ಪದವನ್ನು ಎತ್ತಿ ಎಸೆದು ಕೊನೆಯ ಸಾಲಿನವನಿಗೂ ಮುಟ್ಟಿಸಬೇಕೆಂಬ ಹಟ ಅವರ ಗಂಟಲಿನಲ್ಲಿತ್ತು. ಅವರ ಷರೀಫ ನೆರೆಹೊರೆಯವರನ್ನು ಕೂಗಿ ಕರೆಯುತ್ತಾನೆ. ಮನೆ ಸೋರುತ್ತಿರುವುದು ಊರಿಗೇ ತಿಳಿಯಲಿ ಎನ್ನುತ್ತಾನೆ. ತತ್ತ್ವಪದವೆಂದರೆ ಮುದುಕರ ಕಾಲಕ್ಷೇಪವೆಂದು ತಿಳಿದಿದ್ದ ಪಟ್ಟಣದ ಮಧ್ಯಮವರ್ಗದ ಮನೆಗಳೊಳಕ್ಕೆ ಷರೀಫರನ್ನು ಕರೆತಂದದ್ದು ಈ ಕೂಗು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರು ‘ಕನ್ನಡವೇ ಸತ್ಯ’ ಕಾರ್ಯಕ್ರಮ ನಡೆಸಿದಾಗ ಸೇರಿದ ಜನಸಾಗರವನ್ನು ಕಂಡವರಿಗೆ ಆ ಕೂಗಿನ ಫಲ ಗೊತ್ತು. ಅದಕ್ಕೊಂದು ಬೆಲೆಯೂ ಇತ್ತೆಂದು ಹೇಳಬೇಕು. ಪದ್ಯದಲ್ಲಿ ತಗ್ಗಿದ ದನಿಯ ಮಾತುಗಳಿವೆ. ಎಲ್ಲವೂ ಎತ್ತರದಲ್ಲಿಯೇ ಕೇಳಿಸಿದಾಗ ಅವು ಸ್ವಲ್ಪ ಹಿಂದೆ ಸರಿಯುತ್ತವೆ.

ಎಂ.ಎ. ಮುಗಿಸಿ ಹಾವೇರಿ ಕಡೆಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿ ಸೇರಿದ ಮೇಲೆ ಇದೇ ಹಾಡು ಇನ್ನೊಂದು ಮುಖವನ್ನು ತೋರಿಸಿತು. ಆ ಸೀಮೆಯ ಹಳೆಯ ಮನೆಗಳಿಗೆ ಹೆಂಚಿಲ್ಲ. ತೊಲೆ ಜಂತಿಗಳ ಮೇಲೆ ಮಣ್ಣು ಹರಡಿ ತುಳಿದು ಗಟ್ಟಿ ಮಾಡಿದ ಸಮತಲದ ಮಾಳಿಗೆ. ಮಳೆಗಾಲಕ್ಕೆ ಮುನ್ನ ಹೊಸ ಮಣ್ಣು ಹಾಕದಿದ್ದರೆ ಅದರ ಮೇಲೆ ಹುಲ್ಲು ಬೇರುಬಿಡುತ್ತದೆ, ಇರುವೆ ಗೂಡು ಮಾಡುತ್ತದೆ. ಆ ದಾರಿಯಲ್ಲಿಯೇ ನೀರು ಇಳಿಯುತ್ತದೆ. ಷರೀಫರ ಹುಲ್ಲು ಮತ್ತು ಇರುವೆ ಬಂದದ್ದು ಇಲ್ಲಿಂದ. ಹೆಂಚಿನ ಮನೆಯ ಸೋರಿಕೆ ಒಂದು ಹೆಂಚಿನ ತಪ್ಪು. ಅದನ್ನು ಸರಿಸಿದರೆ ನಿಲ್ಲುತ್ತದೆ. ಮಣ್ಣಿನ ಮಾಳಿಗೆಯ ಸೋರಿಕೆ ಎಲ್ಲಿಂದ ಹೊರಟು ಎಲ್ಲಿ ತೊಟ್ಟಿಕ್ಕುತ್ತದೆಂದು ಹೇಳುವುದು ಕಷ್ಟ. ಅದು ಒಂದು ವರ್ಷದ ಅಲಕ್ಷ್ಯದ ಫಲ. ಅಜ್ಞಾನಕ್ಕೆ ಇದಕ್ಕಿಂತ ಸರಿಯಾದ ಉಪಮಾನ ದೊರೆಯುವುದಿಲ್ಲ. ಅಲ್ಲಿಯ ಒಂದು ಹಳ್ಳಿಯಲ್ಲಿ ಅಮಾವಾಸ್ಯೆಯ ರಾತ್ರಿ ಭಜನೆಯವರು ದಮ್ಮಡಿ, ತಾಳ, ಹಾರ್ಮೋನಿಯಮ್ಮುಗಳೊಡನೆ ಈ ಪದವನ್ನು ತಮ್ಮದೇ ಧಾಟಿಯಲ್ಲಿ ಹಾಡಿದ್ದನ್ನೂ ಕೇಳಿದೆ. ಯಾರೂ ಯಾರನ್ನೂ ಕೂಗುತ್ತಿರಲಿಲ್ಲ. ದಿನದ ಕೆಲಸ ಮುಗಿಸಿದ ಹತ್ತು ಜನ, ತಮ್ಮ ಮನೆಗಳ ಸ್ಥಿತಿಯನ್ನು ತಮ್ಮತಮ್ಮಲ್ಲೇ ಹೇಳಿಕೊಂಡಂತಿತ್ತು.

ಈ ನಡುವೆ, 2008ರಲ್ಲಿ, ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’ ತಂಡದ ಮೊದಲ ಧ್ವನಿಮುದ್ರಿಕೆ ಬಂದಿತು. ಮೈಸೂರಿನಲ್ಲಿ ಬೆಳೆದ, ಭರತನಾಟ್ಯ ಕಲಿತ, ಸೂಕ್ಷ್ಮಜೀವಿಶಾಸ್ತ್ರ ಓದಿದ ತರುಣ ಗಿಟಾರು ಹಿಡಿದು ಕಟ್ಟಿದ ತಂಡ ಅದು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಷರೀಫರ ಎರಡು ಪದಗಳು ಅದರಲ್ಲಿದ್ದವು. ಒಂದು ಗುಡುಗುಡಿಯದು, ಇನ್ನೊಂದು ಈ ಮಾಳಿಗೆಯದು. ವಾರಾಂತ್ಯಕ್ಕೆ ಊರಿಗೆ ಹೋಗುವ ರಾತ್ರಿ ಬಸ್ಸುಗಳಲ್ಲಿ ಅದನ್ನು ನಾನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಕಾಯಂ ಕೆಲಸವಿಲ್ಲದ, ಮುಂದೇನೆಂದು ತಿಳಿಯದ ವರ್ಷಗಳವು. ಆ ತಂಡದ ಧಾಟಿ ಹೊಸದು. ಅಶ್ವತ್ಥರ ಷರೀಫ ಊರನ್ನು ಕರೆದರೆ ದೀಕ್ಷಿತರ ಷರೀಫನಿಗೆ ಕರೆಯಲು ಊರಿಲ್ಲ. ಬಾಡಿಗೆಯ ಕೋಣೆಯಲ್ಲಿ ಒಬ್ಬನೇ ಎಚ್ಚರವಾಗಿ ಮಲಗಿರುವ ತರುಣನ ತಳಮಳ ಅವನದು. ಕತ್ತಲೆ ಎಂಬ ಮಾತಿಗೆ ಈ ಹಾಡಿನಲ್ಲಿ ಬೇರೆಯೇ ತೂಕ ಬಂದಿತು.

ನಮ್ಮ ತಂದೆಗೆ ಅದನ್ನು ಕೇಳಿಸಿದೆ. ಪೂರ್ತಿ ಕೇಳಿದರು. “ಮನೆ ಸೋರ್ತಾ ಇದ್ದವ ಇಷ್ಟೆಲ್ಲ ವಾದ್ಯ ಎಲ್ಲಿಂದ ತಂದ ಮಾರಾಯ?” ಎಂದರು. ಅಶ್ವತ್ಥರ ಕ್ಯಾಸೆಟ್ಟಿನಲ್ಲಿ ವಾದ್ಯಗಳೇನೂ ಕಡಮೆಯಿರಲಿಲ್ಲವೆಂದು ನಾನು ವಾದಿಸಬಹುದಿತ್ತು, ವಾದಿಸಲಿಲ್ಲ. ಅವರಿಗೆ ಆ ವಾದ್ಯಗಳು ಕೇಳುವುದು ಎಂದೋ ನಿಂತುಹೋಗಿತ್ತು. ಅವರ ಪಾಲಿಗೆ ಅದೇ ಷರೀಫರ ದನಿಯಾಗಿತ್ತು. ಮೊದಲ ಧಾಟಿಯ ಬಲವೂ ಅಪಾಯವೂ ಇದೇ. ಪದ್ಯಕ್ಕೆ ಅಂಟಿಕೊಂಡು ಅದು ಪದ್ಯವೇ ಆಗಿಬಿಡುತ್ತದೆ.

ಕೊನೆಯ ಕೆಲವು ವರ್ಷ ಅವರ ಮಂಡಿಗಳು ಸೋತವು. ಕೆಲಸದವರು ಮೇಲೆ ಹತ್ತಿದರೆ ಅವರು ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಊರುಗೋಲಿನಿಂದ ಹೆಂಚು ತೋರಿಸುತ್ತಿದ್ದರು, ಹಾಡುತ್ತಿರಲಿಲ್ಲ. 2020ರ ಮಳೆಗಾಲಕ್ಕೆ ಮುನ್ನ ತೀರಿಕೊಂಡರು. ಅದಾದ ಮೇಲೆ ಬಹಳ ತಿಂಗಳು ಅಶ್ವತ್ಥರ ಆ ಹಾಡನ್ನು ಕೇಳುವುದು ನನ್ನಿಂದಾಗಲಿಲ್ಲ. ಮೊದಲ ನುಡಿ ಮುಗಿಯುವುದರೊಳಗೆ ಷರೀಫರು ಹೊರಟುಹೋಗಿ ಅಂಗಳದ ಆ ಕುರ್ಚಿಯೊಂದೇ ಉಳಿಯುತ್ತಿತ್ತು. ಅಭಿನವಗುಪ್ತ ವಿಘ್ನವೆಂದದ್ದು ಇದನ್ನೇ. ದುಃಖಕ್ಕೆ ಹಾಡು ಬರಿಯ ನೆಪವಾಗಿತ್ತು.

ಆ ಪದ್ಯವನ್ನು ನನಗೆ ಹಿಂದಕ್ಕೆ ಕೊಟ್ಟದ್ದು ದೀಕ್ಷಿತರ ತಂಡ. ನಮ್ಮ ತಂದೆ ಮೆಚ್ಚದಿದ್ದ ಧಾಟಿಯಾದ್ದರಿಂದ ಅದರಲ್ಲಿ ಅವರ ನೆನಪು ಸೇರಿರಲಿಲ್ಲ. ಅಲ್ಲಿ ಪದಗಳು ಮತ್ತೆ ಪದಗಳಾಗಿ ಕೇಳಿಸಿದವು. ಜಂತಿ ಜಂತಿಯಾಯಿತು, ಇರುವೆ ಇರುವೆಯಾಯಿತು. ಮೇಲೆ ಹತ್ತಲಾರೆನೆಂಬ ಆ ಮಾತು ಎಲ್ಲ ಮನೆಗಳಲ್ಲಿಯೂ ಎಂದಾದರೊಂದು ದಿನ ಯಾರಾದರೂ ಆಡಲೇಬೇಕಾದ ಮಾತೆಂದು ಅರ್ಥವಾಯಿತು. ನನ್ನ ತಂದೆ ಆ ಮಾತಿನೊಳಗೆ ಒಬ್ಬರಾಗಿ ಬಂದರು. ಅವರೊಬ್ಬರೇ ಅದನ್ನು ತುಂಬಿಕೊಳ್ಳಲಿಲ್ಲ. ಸಾಧಾರಣೀಕರಣವೆಂದು ತರಗತಿಯಲ್ಲಿ ಬೋರ್ಡಿನ ಮೇಲೆ ಬರೆಯುವ ಪದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ. ಅದರ ಮೂಲಕ ಹಾದುಬಂದ ಮೇಲೆ ಅಶ್ವತ್ಥರನ್ನೂ ಕೇಳುವುದು ಸಾಧ್ಯವಾಯಿತು.

ಹಾಗೆಂದು ಈ ತಂಡದ ಎಲ್ಲ ಹಾಡುಗಳಿಗೂ ಈ ಗುಣವಿದೆಯೆಂದು ನಾನು ಹೇಳಲಾರೆ. ಮೈಸೂರಿನ ಹೆಸರು ಹೊತ್ತ ಅವರ ಹಾಡು ನನಗೆ ಬಹು ಇಷ್ಟ. ಆದರೆ ಅದು ಕೇಳಿಸಿದೊಡನೆ ಮಾನಸಗಂಗೋತ್ರಿಯ ರಸ್ತೆ, ಹಾಸ್ಟೆಲಿನ ಗೆಳೆಯರು, ಅಷ್ಟೇ. ಹದಿನೈದು ವರ್ಷಕ್ಕೂ ಮಿಕ್ಕಿ ಅದು ಅಲ್ಲಿಂದ ಕದಲಿಲ್ಲ. ಅದೊಂದು ಒಳ್ಳೆಯ ಛಾಯಾಚಿತ್ರ. ಗುಡುಗುಡಿಯ ಪದದಲ್ಲಿ ತೊಡಕು ಇನ್ನೊಂದು ಬಗೆಯದು. ಮನಸ್ಸನ್ನು ಸಂಚಿಯಾಗಿಯೂ ಮೋಹವನ್ನು ಭಂಗಿಯಾಗಿಯೂ ಕಾಣುವ ಆ ಪದದ ಸೂಕ್ಷ್ಮ ಸಂವಿಧಾನ, ಕುಣಿಸುವ ಲಯದ ರಭಸದಲ್ಲಿ ಓಡಿಹೋಗುತ್ತದೆ. ಸಭೆ ಕುಣಿದು ಮನೆಗೆ ಹೋಗುತ್ತದೆ. ಏನನ್ನು ಸುಡಬೇಕೆಂದು ಷರೀಫರು ಹೇಳಿದರೋ ಅದು ಸುಡದೆ ಉಳಿಯುತ್ತದೆ. ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದವರೆಗೆ ಕನ್ನಡದ ಪದವನ್ನು ಒಯ್ದ ಕೀರ್ತಿ ಈ ತಂಡದ್ದು. ಕನ್ನಡ ಬಾರದವರನ್ನು ಕುಣಿಸುವ ಲಯ, ಕನ್ನಡ ಬಲ್ಲವರಿಗೆ ಅರ್ಥವನ್ನೂ ಕೊಡಬೇಕೆಂದು ಕೇಳುವುದು ಅತಿಯಾಸೆಯಾಗಲಾರದು.

ಒಂದು ಪದ್ಯಕ್ಕೆ ಒಂದೇ ಧಾಟಿ ಸಾಕಲ್ಲವೇ ಎಂದು ಕೇಳುವವರುಂಟು. ನಾಡಗೀತೆಯ ವಿಷಯದಲ್ಲಿ ಈ ಪ್ರಶ್ನೆ ದೊಡ್ಡದಾಗಿಯೇ ಎದ್ದಿತು. ಮೈಸೂರು ಅನಂತಸ್ವಾಮಿಯವರ ಧಾಟಿಯೋ ಅಶ್ವತ್ಥರದೋ ಎಂಬ ಚರ್ಚೆ ವರ್ಷಗಟ್ಟಲೆ ನಡೆದು, 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು ನಿಗದಿ ಮಾಡಿತು. ಮಾತು ಹೈಕೋರ್ಟಿನವರೆಗೂ ಹೋಯಿತು. ಸಭೆಯಲ್ಲಿ ಎಲ್ಲರೂ ಒಟ್ಟಿಗೆ ಎದ್ದು ನಿಂತು ಹಾಡಬೇಕಾದ ಗೀತೆಗೆ ಒಂದು ಧಾಟಿ ಗೊತ್ತಾಗಿರುವುದು ಅನುಕೂಲವೇ ಸರಿ. ಮನೆಯಲ್ಲಿ, ಬಸ್ಸಿನಲ್ಲಿ, ಒಬ್ಬೊಬ್ಬರೇ ಕೇಳುವ ಕವಿತೆಗೆ ಈ ನ್ಯಾಯ ಸಲ್ಲದು. ಮೊದಲ ಧಾಟಿ ಪದ್ಯವನ್ನು ನಮ್ಮ ಬದುಕಿಗೆ ಹೊಲಿಯುತ್ತದೆ. ಎರಡನೆಯದು ಆ ಹೊಲಿಗೆಯನ್ನು ಒಂದಿಷ್ಟು ಸಡಿಲಿಸಿ, ಪದ್ಯ ನಮ್ಮೊಬ್ಬರದೇ ಅಲ್ಲವೆಂದು ತಿಳಿಸುತ್ತದೆ. ಹಾಗೆ ಸಡಿಲಿಸಿದಾಗ ಹರಿದುಹೋಗದೆ ಉಳಿಯುವ ಪದ್ಯವೇ ಗಟ್ಟಿ ಪದ್ಯ.

ಇಂದು ನನ್ನ ತರಗತಿಗೆ ಬರುವ ಹುಡುಗ ಹುಡುಗಿಯರಲ್ಲಿ ಮಣ್ಣಿನ ಮಾಳಿಗೆಯನ್ನಾಗಲಿ ನಾಡಹೆಂಚನ್ನಾಗಲಿ ಕಂಡವರು ಕಡಮೆ. ತಾರಸಿಯ ಮನೆಗಳಲ್ಲಿ ಹುಟ್ಟಿದವರು. ಷರೀಫರ ಪದವನ್ನು ಪಾಠ ಮಾಡುವಾಗ ಮೊದಲು ಮೂರು ಧಾಟಿಗಳನ್ನೂ ಕೇಳಿಸುತ್ತೇನೆ. ಭಜನೆಯದನ್ನು ಹಾಡಲು ನನ್ನ ಒಡಕು ದನಿಯೇ ಗತಿ. ಕಳೆದ ವರ್ಷ ಒಬ್ಬ ವಿದ್ಯಾರ್ಥಿನಿ, ತಾರಸಿಯೂ ಸೋರುತ್ತದೆ ಸಾರ್, ಎಲ್ಲಿಂದ ಎಂದು ಮೇಸ್ತ್ರಿಗೂ ಗೊತ್ತಾಗುವುದಿಲ್ಲ ಎಂದಳು. ಅವಳು ಯಾವ ಮನೆಯನ್ನು, ಯಾರನ್ನು ನೆನೆದು ಹಾಗೆಂದಳೋ ನಾನು ಕೇಳಲಿಲ್ಲ. ಪಾಠವನ್ನು ಅಲ್ಲಿಂದಲೇ ಮುಂದುವರಿಸಿದೆ.